ಮೈಕಿನವಳ ಗಂಟಲು

ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ ಎಂದು ಬಸ್ ನಿಲ್ದಾಣದ ಮೈಕಿನಲ್ಲಿ ಹೇಳುವುದು ನನ್ನ ಕೆಲಸ. ನನ್ನ ಬಾಯಿಗೆ ಹೆದರದವರು ಮನೆಯಲ್ಲಿಲ್ಲ. ಅಂಥವಳ ಗಂಟಲಿಂದ ಒಂದು ಬೆಳಿಗ್ಗೆ ಬರೀ ಪಿಸುಮಾತು! ಬಿಸಿನೀರು, ಉಪ್ಪುನೀರು ಎಲ್ಲ ಆಯಿತು, ಉಹೂಂ. ಧ್ವನಿ ಮರಳದಿದ್ದರೆ ಕುರ್ಚಿ ಹೋದಂತೆಯೇ. "ಮನೇಲಿ ಎಷ್ಟು ನೆಮ್ಮದಿ" ಎಂದರು ನಮ್ಮ ಯಜಮಾನರು. ಬೈಯೋಣವೆಂದರೆ ಅದಕ್ಕೂ ಗತಿಯಿಲ್ಲ, ಕರ್ಮ!

ನನ್ನ ಅಣ್ಣ ಹೋಮಿಯೋಪತಿ ಡಾಕ್ಟರು, ತಮ್ಮ ಕಿವಿ-ಮೂಗು-ಗಂಟಲಿನ ಡಾಕ್ಟರು. ಔಷಧಿಯ ಮಾತು ಬಂತೋ, ಇಬ್ಬರೂ ಹಾವು-ಮುಂಗುಸಿ.

ಮೊದಲು ತಮ್ಮನ ಕ್ಲಿನಿಕ್ಕಿಗೆ ಹೋದೆ. ಅವನು ನನ್ನ ಮೂಗಿನೊಳಗಿಂದ ಸಣ್ಣ ಕ್ಯಾಮೆರಾ ಇಳಿಸಿ ನೋಡಿದ. "ಅಕ್ಕಾ, ಕೆಮ್ಮು."

ಕೆಮ್ಮಿದೆ. ಹೊರಗೆ ಕೂತ ರೋಗಿಗಳಿಗೂ ಕೇಳಿರಬೇಕು.

"ನೋಡಿದ್ಯಾ? ಗಂಟಲು ಸರಿಯಾಗೇ ಇದೆ. ಕೆಮ್ಮಿಗೆ ಬರೋ ಧ್ವನಿ ಮಾತಿಗೆ ಬರ್ತಿಲ್ಲ. ಮನಸ್ಸಿಗೆ ಏಟು ಬಿದ್ರೆ ಮಿದುಳು ಹೀಗೂ ಮಾಡತ್ತೆ."

ನನಗೆ ಮೈಯೆಲ್ಲ ಉರಿಯಿತು. "ನಾಟಕ ಆಡ್ತಿದ್ದೀನಿ ಅಂತೀಯಾ?" ಪಿಸುಗುಟ್ಟಿದೆ.

"ಅಯ್ಯೋ, ಇಲ್ಲ ಮಾರಾಯ್ತಿ! ನಿಜವಾದ ಕಾಯಿಲೇನೇ ಇದು. ಕೆಮ್ಮಿದ ಬೆನ್ನಿಗೇ ಒಂದು ಪದ ಸೇರಿಸಿ ಹೇಳು. ಬರತ್ತೆ."

ಸಂಜೆ ಅಣ್ಣ ಮನೆಗೇ ಬಂದ. ನಿದ್ದೆ ಹೇಗೆ, ಬಾಯಾರಿಕೆ ಎಷ್ಟು, ಕನಸು ಏನು ಎಂದು ಕೇಳುತ್ತ ಹೋಗಿ, "ಯಾವ ಸಿಟ್ಟು ನುಂಗ್ಕೊಂಡಿದೀಯ?" ಎಂದ. ಕಣ್ಣು ತುಂಬಿ ಬಂತು, ಪಿಸುಮಾತಿನಲ್ಲೇ ಎಲ್ಲ ಹೇಳಿದೆ. ನಿಲ್ದಾಣಕ್ಕೆ ಬಸ್ಸಿನ ವಿವರ ತಾನೇ ಕೂಗಿ ಹೇಳುವ ಮೆಷಿನ್ ಬರುತ್ತದಂತೆ. ಅದಕ್ಕೆ ನನ್ನಿಂದಲೇ ಎಲ್ಲ ಊರಿನ ಹೆಸರು ಹೇಳಿಸಿ ರೆಕಾರ್ಡ್ ಮಾಡಿಕೊಳ್ಳುತ್ತಾರಂತೆ. ಆಮೇಲೆ ನಾನು ಯಾರಿಗೆ ಬೇಕು? ಮ್ಯಾನೇಜರ್ ಕೇಳಿದಾಗ ಹಲ್ಲು ಕಿರಿದು ತಲೆಯಾಡಿಸಿ ಬಂದಿದ್ದೆ. ರೆಕಾರ್ಡಿಂಗ್ ದಿನ ಬೆಳಿಗ್ಗೆಯೇ ಧ್ವನಿ ಹೋದದ್ದು.

"ಮನಸ್ಸು ಬಿಟ್ಟು ಬರೀ ಮೈ ನೋಡೋ ಪದ್ಧತಿ ನಮ್ಮದಲ್ಲ" ಎಂದು ಅಣ್ಣ ಬಿಳಿ ಗುಳಿಗೆ ಕೊಟ್ಟ. ಅಷ್ಟರಲ್ಲಿ ಬಂದ ತಮ್ಮ, "ಗುಳಿಗೆ ಬರೀ ಸಕ್ಕರೆ. ಆದ್ರೆ ನೀನು ಕೇಳಿದ್ದನ್ನ ನಾನೂ ಕೇಳ್ಬೇಕಿತ್ತು" ಎಂದ. ಅಷ್ಟಕ್ಕೇ ಅಣ್ಣ ಹಿಗ್ಗಿ ಹೀರೇಕಾಯಿಯಾದ.

ಮರುದಿನ ಗುಳಿಗೆಯನ್ನೂ ಚಪ್ಪರಿಸಿಕೊಂಡು ಮ್ಯಾನೇಜರ್ ಕೋಣೆಗೆ ಹೋದೆ. ಬಾಯಿ ತೆರೆದರೆ ಬರೀ ಗಾಳಿ. ಕೆಮ್ಮಿದೆ, ಅದರ ಬೆನ್ನಿಗೇ ಮಾತನ್ನೂ ನೂಕಿದೆ.

"ಬೇಡ! ನನ್ನ ಧ್ವನಿ ಆ ಮೆಷಿನ್ನಿಗೆ ಕೊಡಲ್ಲ! ನನ್ನ ಕೆಲಸ ನಾನೇ ಮಾಡ್ತೀನಿ!"

ಟಿಕೆಟ್ ಕೊಡುವವರೆಲ್ಲ ಕಿಟಕಿ ಬಿಟ್ಟು ಇಣುಕಿದರು. ಮ್ಯಾನೇಜರ್ ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಅಲ್ರೀ, ರಾತ್ರಿ ಪಾಳಿ ಆಗಲ್ಲ ಅಂತ ನೀವೇ ಗೋಳಾಡ್ತಿದ್ರಲ್ಲ, ರಾತ್ರಿಗೆ ಮಾತ್ರ ಅಂತ ಅದನ್ನ ತರಿಸ್ತಿರೋದು. ಹಗಲಿಗೆ ನೀವಿಲ್ದೆ ನಾನೇನು ಮಾಡ್ಲಿ? ಪೂರ್ತಿ ಹೇಳೋಕೂ ಬಿಡ್ದೆ ತಲೆಯಾಡಿಸ್ಕೊಂಡು ಓಡಿಹೋದ್ರಿ!"

ನಾಚಿಕೆಗೆ ಕಿವಿಯೆಲ್ಲ ಬಿಸಿಯಾಯಿತು. ನಗುವೂ ಬಂತು, ಗಟ್ಟಿಯಾಗಿ, ಧ್ವನಿ ಸಮೇತ.

"ಹಾಗಾದ್ರೆ ಈಗ್ಲೇ ರೆಕಾರ್ಡ್ ಮಾಡ್ಕೊಳ್ಳಿ ಸಾರ್" ಎಂದೆ. "ರಾತ್ರಿ ನಾನು ಮಲಗಬೇಕು."