ಇಬ್ಬರು ತುಮೈನಿ ಅಪ್ಪಂದಿರು

ನಮ್ಮ ತಾಂಗಾ ಊರಿನಲ್ಲಿ ಮಗು ಹುಟ್ಟಿದ ದಿನವೇ ಹೆತ್ತವರ ಹೆಸರು ಮೂಲೆ ಸೇರುತ್ತದೆ. ಆಮೇಲೆ ಅವರು ಇಂಥವರ ಅಪ್ಪ, ಇಂಥವರ ಅಮ್ಮ, ಅಷ್ಟೇ. ಕತ್ತಾಳೆ ಹಗ್ಗದ ಕಾರ್ಖಾನೆಯಲ್ಲಿ ಕಂಪ್ಯೂಟರ್ ಉಸ್ತುವಾರಿ ನನ್ನದು. ಯಾರು ಯಾವ ಕಡತ ನೋಡಬಹುದು, ಯಾರು ನೋಡಬಾರದು ಎಂದು ಬೀಗ ಹಾಕುವವಳು, ತೆಗೆಯುವವಳು ನಾನೇ. ಪಟ್ಟಿಯಲ್ಲಿ ನಿಜವಾದ ಹೆಸರು ಹಾಕಿದಾಗ ಪಕ್ಕದ ಮೇಜಿನವರು ಯಾರೆಂದೇ ತಿಳಿಯದೆ ಎಲ್ಲರೂ ನನ್ನ ತಲೆ ತಿಂದರು. ಸಾಕಾಗಿ, ಕರೆಯುವ ಹೆಸರನ್ನೇ ಹಾಕಿದೆ. ನನ್ನ ಬುದ್ಧಿವಂತಿಕೆಗೆ ನಾನೇ ಬೆನ್ನು ತಟ್ಟಿಕೊಂಡಿದ್ದೆ.

ಆ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಮ್ಯಾನೇಜರ್ ಕಿಹಿಯೊ ಫೋನ್ ಮಾಡಿದರು.

"ತಂಗಿ, ತುಮೈನಿ ಅಪ್ಪಂಗೆ ಸಿಬ್ಬಂದಿ ಕಡತ ತೆಗ್ದುಕೊಡು. ಪಾಪ, ಕೆಲಸಕ್ಕೆ ಸೇರಿ ಒಂದು ವಾರ ಆಯ್ತು, ಕೈಕಟ್ಟಿ ಕೂತಿದಾನೆ."

"ಈಗಲೇ ಯಜಮಾನ್ರೇ."

ಹೊಸ ಸಿಬ್ಬಂದಿ ಅಧಿಕಾರಿ ಶೆಕಿಲಿಂಡಿಯವರ ವಿಷಯ ಅದು. ನನಗೂ ಗೊತ್ತಿತ್ತು. ಬಾಯಲ್ಲಿ ಕರಿದ ಮಂದಾಜಿಯ ತುಂಡು, ಒಂದು ಕೈಯಲ್ಲಿ ಚಹಾ. ಪಟ್ಟಿಯಲ್ಲಿ ಕಣ್ಣಿಗೆ ಬಿದ್ದ ಹೆಸರು ಒತ್ತಿ ಮುಗಿಸಿದೆ.

ಹನ್ನೊಂದಕ್ಕೆ ಶೆಕಿಲಿಂಡಿಯವರೇ ಬಾಗಿಲಲ್ಲಿ ನಿಂತಿದ್ದರು.

"ಏನ್ ತಂಗಿ, ನನ್ ಮಗನ ಮದುವೆ ಆಗೋದ್ರೊಳಗೆ ಆ ಕಡತ ತೆಗ್ದುಕೊಡ್ತೀಯೋ ಇಲ್ವೋ?"

"ಒಂಬತ್ತಕ್ಕೇ ತೆಗ್ದೆನಲ್ಲಣ್ಣ."

"ತೆಗ್ದಿದ್ರೆ ನಾನ್ಯಾಕೆ ಮೆಟ್ಟಿಲು ಹತ್ತಿ ಬರ್ತಿದ್ದೆ?"

ಪಟ್ಟಿ ನೋಡಿದೆ. ತುಮೈನಿ ಅಪ್ಪ ಎಂದು ಎರಡು ಸಾಲು. ಕೆಳಗಿನದು ಶೆಕಿಲಿಂಡಿ. ಮೇಲಿನದು ಲಾರಿ ಚಾಲಕ ಎಂಬ್ವಾಂಬೋ, ಅವನ ಮಗಳ ಹೆಸರೂ ತುಮೈನಿ. ನಾನು ಬೀಗ ತೆಗೆದುಕೊಟ್ಟಿದ್ದು ಮೇಲಿನವನಿಗೆ.

ಎಂಬ್ವಾಂಬೋನ ಹೆಂಡತಿ ನಕಿಜ್ವಾ ನಮ್ಮಲ್ಲೇ ಹಗ್ಗ ಹೊಸೆಯುವ ವಿಭಾಗದಲ್ಲಿದ್ದಳು. ಹೋದ ವರ್ಷ ಅವನು ಅವಳ ದವಡೆ ಮುರಿದ. ಅವಳು ಆಸ್ಪತ್ರೆಯಿಂದಲೇ ಮಗಳನ್ನು ಕರೆದುಕೊಂಡು ಮಾಯವಾದಳು. ಕೆಲಸ ಬಿಟ್ಟಳೆಂದು ಎಲ್ಲರೂ ನಂಬಿದ್ದರು. ನಿಜವಾಗಿ ಕಿಹಿಯೊ ಅವಳನ್ನು ಮುಹೇಜಾದ ಗೋದಾಮಿಗೆ ವರ್ಗ ಮಾಡಿದ್ದರು. ಅವಳ ಅಲ್ಲಿನ ಮನೆಯ ವಿಳಾಸವಿದ್ದ ಪುಟಕ್ಕೆ, ಸಿಬ್ಬಂದಿ ಅಧಿಕಾರಿ ಬಿಟ್ಟು ಬೇರಾರೂ ನೋಡದಂತೆ ಬೀಗ ಹಾಕಿದವಳು ನಾನು.

"ಅವನ ಕೈಗೆ ಸಿಕ್ಕಿದ್ರೆ ಈ ಸಲ ಕೊಂದೇಬಿಡ್ತಾನಕ್ಕ" ಎಂದು ಅವಳು ನನ್ನ ಕೈ ಹಿಡಿದಿದ್ದಳು. ನಾನಿದ್ದೀನಿ ಎಂದಿದ್ದೆ. ದೊಡ್ಡ ಮಾತು.

ಯಾರು ಏನು ನೋಡಿದರೆಂಬ ದಾಖಲೆ ತೆಗೆದೆ. ಕಂಪ್ಯೂಟರಿನಲ್ಲಿ ಸರಕಿನ ಚೀಟಿ ತುಂಬಲು ಕೂತವನ ಕಣ್ಣೆದುರು ಸಿಬ್ಬಂದಿ ಕಡತ ತಾನಾಗಿ ಬಂದಿರಬೇಕು. ನಾನೂರ ಹನ್ನೆರಡು ಜನರ ಪುಟಗಳಲ್ಲಿ ಅವನು ತೆರೆದದ್ದು ಒಂದೇ. ಒಂಬತ್ತು ಐವತ್ತಕ್ಕೆ. ಅದನ್ನೇ ಮೂರು ಸಲ.

ಅವನ ಅನುಮತಿ ಕಿತ್ತುಹಾಕಿದೆ. ಏನು ಬಂತು, ವಿಳಾಸ ಆಗಲೇ ಅವನ ತಲೆಯಲ್ಲಿತ್ತು. ಗೇಟಿಗೆ ಫೋನ್ ಮಾಡಿದೆ.

"ಎಂಬ್ವಾಂಬೋ? ಹತ್ತಕ್ಕೇ ಯಾರದೋ ಬೈಕ್ ಹತ್ತಿ ಹೋದ್ನಲ್ಲಕ್ಕ. ಲಾರಿ ಇಲ್ಲೇ ಬಿದ್ದಿದೆ" ಎಂದ ಕಾವಲುಗಾರ.

ಮುಹೇಜಾ ಒಂದು ಗಂಟೆಯ ದಾರಿ. ಅವನು ಹೊರಟು ಆಗಲೇ ಒಂದು ಗಂಟೆ ಹತ್ತು ನಿಮಿಷವಾಗಿತ್ತು. ಶೆಕಿಲಿಂಡಿ ನನ್ನ ಮುಖ ನೋಡಿ, ಕೇಳಿ ತಿಳಿದು, ಅಲ್ಲಿನ ಪೊಲೀಸರಿಗೆ ಫೋನ್ ಹಚ್ಚಿದರು. ನಾನು ನಕಿಜ್ವಾಳಿಗೆ. ರಾತ್ರಿ ಪಾಳಿ ಮುಗಿಸಿ ಮಲಗಿದ್ದವಳು ಫೋನ್ ಏಳನೇ ಸಲ ಬಡಿದುಕೊಂಡಾಗ ಎತ್ತಿದಳು.

"ನಕಿಜ್ವಾ, ಅವನು ಬರ್ತಿದಾನೆ. ತಪ್ಪು ನಂದು. ಹಿತ್ತಿಲಿಂದ ಓಡು."

"ಯಾರಕ್ಕ?"

"ನಿನ್ ಗಂಡ."

ಆ ಕಡೆ ಮಂಚ ಕಿರುಗುಟ್ಟಿತು.

"ಮಗು ಮುಂದಿನ ಕೋಣೇಲಿ ಆಡ್ತಿದಾಳೆ. ಕರ್ಕೊಂಡು ಬರ್ತೀನಿ. ಫೋನ್ ಇಡಬೇಡಕ್ಕ."

ಅಷ್ಟರಲ್ಲಿ ದೂರದಿಂದ ಗಂಡಸಿನ ದನಿ ಕೇಳಿತು. ಮೆತ್ತಗೆ, ನೆಂಟರು ಕರೆಯುವಂತೆ.

"ಹೋಡಿ?"

ಹೊರಗೆ ನಿಂತವರು ಹೋಡಿ ಎಂದರೆ ಒಳಗಿದ್ದವರು ಕರೀಬು, ಬನ್ನಿ, ಎನ್ನಲೇಬೇಕು. ಮಾತು ಬಂದ ಕೂಡಲೇ ಮಕ್ಕಳಿಗೆ ಇದನ್ನು ಕಲಿಸುತ್ತೇವೆ. ಸುಮ್ಮನಿದ್ದರೆ ಬೈಯುತ್ತೇವೆ.

"ಬೇಡ ಮಗಳೇ" ಎಂದು ತಾಂಗಾದಲ್ಲಿ ಕೂತು ಕಿರುಚಿದೆ.

"ಕರೀಬು" ಎಂದಿತು ಪುಟ್ಟ ದನಿ. ಚಿಲಕ ಸರಿಯಿತು.

"ಅಮ್ಮಾ, ಎದ್ದೇಳು. ಅಪ್ಪ ಬಂದ್ರು."