ಇಬ್ಬನಿ ಗಿಡಕ್ಕೆ ಹಾಲುಣಿಸಿದ ತವನಪ್ಪ ಸರ್

ತವನಪ್ಪ ಸರ್ ನಡೆಯುವುದನ್ನು ಮೊದಲ ಸಲ ಕಂಡವರು, ಇವರೇನೋ ಬೀಳಿಸಿಕೊಂಡು ಹುಡುಕುತ್ತಿದ್ದಾರೆ ಎಂದೇ ಭಾವಿಸುತ್ತಿದ್ದರು. ಚಿಕ್ಕೋಡಿಯ ಬಸ್ ನಿಲ್ದಾಣದಿಂದ ಕಾಲೇಜಿಗೆ ಏರುವ ರಸ್ತೆಯಲ್ಲಿ, ಕಬ್ಬು ಹೇರಿಕೊಂಡು ಜೋರಾಗಿ ಹಾಡು ಹಚ್ಚಿಕೊಂಡು ಹೋಗುವ ಟ್ರ್ಯಾಕ್ಟರುಗಳ ಪಕ್ಕದಲ್ಲಿ, ಎತ್ತರದ ಆ ಆಕೃತಿ ಕತ್ತು ಬಗ್ಗಿಸಿ, ದೃಷ್ಟಿಯನ್ನು ಪಾದದಿಂದ ಒಂದು ಮಾರು ಮುಂದೆ ಊರಿ, ಅಳೆದಂತೆ ಹೆಜ್ಜೆಯಿಡುತ್ತ ಸಾಗುತ್ತಿತ್ತು. ಇರುವೆಯ ಸಾಲು ಅಡ್ಡಬಂದರೆ ಅವರು ನಿಲ್ಲುತ್ತಿದ್ದರು. ಮಳೆಗಾಲದಲ್ಲಿ ಎರೆಹುಳುಗಳು ಡಾಂಬರಿನ ಮೇಲೆ ಹರಿದಾಡುವ ಮುಂಜಾವುಗಳಲ್ಲಂತೂ ಮೊದಲ ಗಂಟೆ ಬಾರಿಸಿದ ಮೇಲೆಯೇ ಅವರು ಕಾಲೇಜಿನ ಗೇಟು ಮುಟ್ಟುವುದು. ಹೀಗೆ ಕ್ರಿಮಿಕೀಟಗಳಿಗೆ ದಾರಿ ಬಿಡುತ್ತ ಬಂದ ಮನುಷ್ಯ ಪ್ರಯೋಗಶಾಲೆಯ ಬಾಗಿಲು ತೆರೆದು, ಗೂಟಕ್ಕೆ ತೂಗುಹಾಕಿದ ಬಿಳಿ ಕೋಟನ್ನು ತೊಟ್ಟು, ಮೇಣದ ತಟ್ಟೆಯ ಮೇಲೆ ಕಪ್ಪೆಯನ್ನು ಅಂಗಾತ ಮಲಗಿಸಿ, ಅದರ ಹೊಟ್ಟೆಯನ್ನು ಸೀಳುತ್ತಿದ್ದರು.

ಅವರು ಅಂಕಲಿಯ ಜೈನ ಮನೆತನದವರು. ಕೃಷ್ಣೆಯ ದಂಡೆಯಲ್ಲಿ ಕಬ್ಬಿನ ಹೊಲವಿದ್ದ ಮನೆ. ಹೊತ್ತು ಮುಳುಗಿದ ಮೇಲೆ ಒಲೆ ಹೊತ್ತಿಸದ, ನೀರನ್ನು ಅರಿವೆಯಲ್ಲಿ ಸೋಸದೆ ಕುಡಿಯದ ಮನೆ. ಅಂಥಲ್ಲಿ ಹುಟ್ಟಿದವರು ಪ್ರಾಣಿಶಾಸ್ತ್ರವನ್ನೇ ಹುಡುಕಿಕೊಂಡು ಹೋಗಿ ಅಧ್ಯಾಪಕರಾದದ್ದು ಹೇಗೆ ಎಂಬುದು ಅದೇ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ನನಗೆ ಬಹುಕಾಲ ಬಗೆಹರಿಯದ ಸಂಗತಿಯಾಗಿತ್ತು. ಒಮ್ಮೆ ಕೇಳಿಯೂ ಕೇಳಿದೆ. ಚಿಕ್ಕಂದಿನಲ್ಲಿ ಪ್ರವಚನಕ್ಕೆ ಬಂದ ಮುನಿಗಳು ಎಲ್ಲ ಜೀವಗಳನ್ನೂ ಪ್ರೀತಿಸಿರಿ ಎಂದರಂತೆ. ಪ್ರೀತಿಸಬೇಕಾದರೆ ಮೊದಲು ಗುರುತು ಹಿಡಿಯಬೇಕಲ್ಲ ಎಂದು ಬಾಲಕ ತವನಪ್ಪನಿಗೆ ಅನ್ನಿಸಿತಂತೆ. ಇಷ್ಟು ಹೇಳಿ, ಯಥಾಪ್ರಕಾರ, "ಹೀಂಗೂ ಇರಬಹುದ್ರಿ" ಎಂದು ಮುಗಿಸಿದರು.

ಈ 'ಹೀಂಗೂ ಇರಬಹುದ್ರಿ' ಅವರ ಮಾತಿನ ಪೂರ್ಣವಿರಾಮ. ಸತ್ಯಕ್ಕೆ ಅನೇಕ ಮುಖಗಳುಂಟೆಂಬ ತಮ್ಮ ಧರ್ಮದ ತತ್ತ್ವವನ್ನು ಅವರು ಸಂತೆಯ ಬದನೆಕಾಯಿಯವರೆಗೂ ಎಳೆದು ತಂದಿದ್ದರು. ಒಂದೂ ಹುಳುಕಿಲ್ಲ ಎಂದು ಕಾಯಿಪಲ್ಲೆ ಮಾರುವವಳು ಆಣೆಯಿಟ್ಟರೆ ಅದಕ್ಕೂ ಹೀಂಗೂ ಇರಬಹುದ್ರಿ. ಹಾಗೆನ್ನುತ್ತಲೇ ಜೇಬಿನ ಮಸೂರ ತೆಗೆದು ಕಾಯಿಯ ತೊಟ್ಟನ್ನು ಪರೀಕ್ಷಿಸುವರು. ಅಧ್ಯಾಪಕರ ಸಂಘದಲ್ಲಿ ಎರಡು ಬಣಗಳಾದಾಗ ತವನಪ್ಪ ಸರ್ ನಮ್ಮ ಕಡೆಗಿದ್ದಾರೆಂದು ಎರಡೂ ಕಡೆಯವರು ಸಾರಿದರು, ಮತ್ತು ಎರಡೂ ಕಡೆಯವರು ಹೇಳಿದ್ದು ನಿಜವೇ ಆಗಿತ್ತು.

ಆದರೆ ಪ್ರಯೋಗಶಾಲೆಯಲ್ಲಿ ಆ ಸಡಿಲವಿರಲಿಲ್ಲ. ಅಲ್ಲಿ ಯಾರೂ ನಗುವಂತಿರಲಿಲ್ಲ. ಕಪ್ಪೆಗಳಿಗೆ ಕ್ಲೋರೋಫಾರ್ಮ್ ಕೊಡುವ ಕೆಲಸವನ್ನು ಅವರು ಜವಾನನಿಗೆ ಬಿಡದೆ ತಾವೇ ಮಾಡುತ್ತಿದ್ದರು. ಜೀವ ಪೂರ್ತಿ ಹೋಗಿದೆಯೆಂದು ಖಾತ್ರಿಯಾಗುವವರೆಗೆ, ಗಂಟೆ ಮುಗಿದುಹೋದರೂ ಸರಿಯೆ, ಕತ್ತರಿ ಎತ್ತಗೊಡುತ್ತಿರಲಿಲ್ಲ. ಕೊಯ್ದ ದಿನ ಅವರಿಗೆ ಉಪವಾಸ. ನಾವೆಲ್ಲ ಬುತ್ತಿ ಬಿಚ್ಚುವ ಹೊತ್ತಿಗೆ ಅವರು ನಲ್ಲಿಯ ಕೆಳಗೆ ಆ ಬಿಳಿ ಕೋಟನ್ನು ತಿಕ್ಕುತ್ತ ನಿಂತಿರುತ್ತಿದ್ದರು. ಅದನ್ನೆಂದೂ ಅವರು ಮನೆಗೆ ಒಯ್ದವರಲ್ಲ.

ಮಂಗಸೂಳಿಯಿಂದ ಬರುತ್ತಿದ್ದ ಸ್ನೇಹಲ ಎಂಬ ಹುಡುಗಿ ಒಂದು ದಿನ ಕತ್ತರಿ ಕೆಳಗಿಟ್ಟು, ಇದು ತನ್ನಿಂದಾಗದೆಂದು ಅಳುತ್ತ ಕೂತಳಂತೆ. ಕೈ ನೋಡಿದರೆ ಗಡಗಡ ನಡುಗುತ್ತಿದೆ. ಬೇರೆಯವರಾಗಿದ್ದರೆ ಗದರುತ್ತಿದ್ದರೋ, ವಿಷಯ ಬದಲಿಸು ಎನ್ನುತ್ತಿದ್ದರೋ. ಸರ್ ಅವಳ ಪಕ್ಕದ ಸ್ಟೂಲನ್ನು ಒರೆಸಿ ಕೂತು ಹೇಳಿದರಂತೆ: "ಕೈ ನಡಗತಾವಂದ್ರ ಅದು ತಪ್ಪಲ್ಲವ್ವಾ. ಒಂದ್ ದಿನ ನಡಗೂದು ನಿಲ್ಲತೈತಲ್ಲ, ಅವತ್ತ ಹೆದರಬೇಕು." ಆ ಸ್ನೇಹಲ ಈಗ ಅಥಣಿಯಲ್ಲಿ ದನದ ಡಾಕ್ಟರು, ಹೊಟ್ಟೆಯೊಳಗೆ ಕರು ಅಡ್ಡಲಾದ ಎಮ್ಮೆಗಳನ್ನು ಉಳಿಸುವುದರಲ್ಲಿ ಸುತ್ತಲ ಹಳ್ಳಿಗಳಿಗೆಲ್ಲ ಹೆಸರಾದವಳು.

ಸರ್ ಅವರ ತಾಯಿ ಲಕ್ಷ್ಮಿಬಾಯಿಯವರ ವಿಷಯ ನನಗೆ ತಿಳಿದದ್ದು ತಡವಾಗಿ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಮಗ ಎಂದಿನಂತೆ ನೀರಿನ ತಂಬಿಗೆ ಚಾಚಿದಾಗ ಆ ಕೈಯಿಂದ ಏನೋ ಔಷಧದ ಘಾಟು ಬಂತು. ಏನೆಂದು ಕೇಳಿದರು. ಮಗ ಸುಳ್ಳು ಹೇಳಲಿಲ್ಲ. ಆಕೆ ಬೈಯಲಿಲ್ಲ, ಅಳಲಿಲ್ಲ, ತಂಬಿಗೆಯನ್ನು ಮುಟ್ಟಲೂ ಇಲ್ಲ. ಗಿಡದ ಪಾಠ ಹೇಳಿಕೊಂಡಿರಬಾರದೇ, ಗಿಡ ಯಾರನ್ನೂ ನೋಯಿಸದ ಜೀವ, ಎಂದಷ್ಟೇ ಅಂದರು. ಅಂದಿನಿಂದ ಮಗನ ಕೈಯ ನೀರು ಆಕೆಗೆ ವರ್ಜ್ಯವಾಯಿತು. ಜ್ವರ ಬಂದು ಮಲಗಿದಾಗಲೂ ಸೊಸೆ ಉಜ್ವಲಾ ಬಂದು ಕುಡಿಸುವವರೆಗೆ ಕಾಯುವರು. ಉಳಿದಂತೆ ತಾಯಿ ಮಗನ ನಡುವೆ ಯಾವ ಕೊರತೆಯೂ ಇರಲಿಲ್ಲ. ಮಗನ ಊಟ ವಿಚಾರಿಸುವುದು, ಜಾತ್ರೆಗೆ ಕರೆದುಕೊಂಡು ಹೋಗೆಂದು ಕಾಡುವುದು, ಎಲ್ಲವೂ ಇತ್ತು. ಒಂದು ತಂಬಿಗೆ ನೀರಿನಷ್ಟು ಅಂತರ ಮಾತ್ರ ಮೂವತ್ತು ವರ್ಷಗಳ ಆಚೆಗೂ ಉಳಿಯಿತು. ಸರ್ ಅದನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ. ಅವ್ವನ ಕಡೆಯಿಂದ ನೋಡಿದರೆ ಅದೂ ಖರೆ ಎನ್ನುತ್ತಿದ್ದರು.

ಮುಂದೆ ಕಾಲೇಜುಗಳಲ್ಲಿ ಪ್ರಾಣಿಗಳನ್ನು ಕೊಯ್ಯುವ ಪಾಠವೇ ನಿಂತಿತು, ಕಂಪ್ಯೂಟರಿನ ಪರದೆಯ ಮೇಲೆ ಕಪ್ಪೆ ತಾನೇ ತೆರೆದುಕೊಳ್ಳತೊಡಗಿತು, ಸರ್ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಸ್ನೇಹಲ ಅಥಣಿಯಿಂದ ಬಂದು ದಪ್ಪನೆಯ ಒಂದು ಇಂಗ್ಲಿಷ್ ಪುಸ್ತಕ ಕೊಟ್ಟಳು. ವಿಕ್ಟೋರಿಯಾ ರಾಣಿಯ ಕಾಲದ ನಿಸರ್ಗವಿಜ್ಞಾನಿಯೊಬ್ಬ ತನ್ನ ಸ್ನೇಹಿತರಿಗೆ, ಮಕ್ಕಳಿಗೆ, ಸಹೋದ್ಯೋಗಿಗಳಿಗೆ ಬರೆದ ಪತ್ರಗಳ ಸಂಪುಟ ಅದು. ಸರ್ ಆತನನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಮುಖಪುಟದ ಚಿತ್ರ ನೋಡಿ 'ಗಡ್ಡದಜ್ಜ' ಎಂದು ಕರೆದರು, ಮತ್ತು ಕೆಲವೇ ತಿಂಗಳಲ್ಲಿ ಆ ಅಜ್ಜ ಅಂಕಲಿಯ ಅವರ ಪಡಸಾಲೆಯ ಕಾಯಂ ಅತಿಥಿಯಾದ.

ಆ ಪತ್ರಗಳಲ್ಲಿ ಅಜ್ಜನಿಗೆ ಎರಡು ಹುಚ್ಚು. ಒಂದು, ಹುಳ ಹಿಡಿದು ತಿನ್ನುವ ಗಿಡಗಳದು. ಎಲೆಯ ಮೇಲೆ ಮಾಂಸದ ಚೂರಿಟ್ಟು, ಹಾಲಿನ ಹನಿಯಿಟ್ಟು, ಗಾಜಿನ ತುಣುಕಿಟ್ಟು, ಗಿಡ ಯಾವುದನ್ನು ಉಣ್ಣುತ್ತದೆ ಯಾವುದನ್ನು ಬಿಡುತ್ತದೆ ಎಂದು ಮೊಮ್ಮಗುವಿನ ಅನ್ನಪ್ರಾಶನದ ಸುದ್ದಿಯಂತೆ ಗೆಳೆಯರಿಗೆ ಬರೆಯುತ್ತಾನೆ. ಇನ್ನೊಂದು ಹುಚ್ಚಲ್ಲ, ಹುಣ್ಣು. ಬದುಕಿರುವ ಪ್ರಾಣಿಗಳ ಮೇಲೆ ಮಾಡುವ ಪ್ರಯೋಗ ಸರಿಯೇ ಎಂದು ಆ ಕಾಲದಲ್ಲಿ ದೊಡ್ಡ ಜಗಳ ಎದ್ದಿತ್ತು. ಅದಿಲ್ಲದೆ ವೈದ್ಯವಿದ್ಯೆ ಬೆಳೆಯದು ಎಂದು ಆತ ವಾದಿಸುತ್ತಾನೆ. ನೋವು ತಿಳಿಯದಂತೆ ಮಾಡಬೇಕು, ಬರಿಯ ಕುತೂಹಲಕ್ಕೆ ಮಾಡಬಾರದು, ಅದಕ್ಕೆ ಕಾನೂನು ಬೇಕು ಎಂದು ಓಡಾಡುತ್ತಾನೆ. ಆದರೆ ಆ ಮಾತು ಬಂದಲ್ಲೆಲ್ಲ ಪತ್ರ ತಡವರಿಸುತ್ತದೆ, ನೆನೆದರೆ ನಿದ್ದೆ ಹತ್ತದ ಮನುಷ್ಯನ ಕೈಬರಹ ಅದೆಂದು ಅಚ್ಚಿನಲ್ಲಿಯೂ ತಿಳಿಯುತ್ತದೆ. ಸರ್ ಆ ಪುಟಗಳನ್ನು ನನಗೆ ಕನ್ನಡದಲ್ಲಿ ಹೇಳುತ್ತ ಹೇಳುತ್ತ ಸುಮ್ಮನಾಗಿಬಿಡುತ್ತಿದ್ದರು. ಇಷ್ಟು ವರ್ಷ ತಾನೊಬ್ಬನೇ ನಡೆದೆನೆಂದುಕೊಂಡ ದಾರಿಯಲ್ಲಿ ಇನ್ನೊಬ್ಬನ ಹೆಜ್ಜೆಗುರುತು ಕಂಡವನ ಮೌನ ಅದು.

ಶ್ರಾವಣದಲ್ಲಿ ನಾವಿಬ್ಬರೂ ಕರೋಶಿಯ ಕಡೆ ಗುಡ್ಡಕ್ಕೆ ಹೋದೆವು. ಕಲ್ಲುಹಾಸಿನ ಮೇಲೆ ನೀರು ಒಸರುವ ಒಂದು ಕಡೆ ಸರ್ ಮೊಣಕಾಲೂರಿ ಕೂತು ಕರೆದರು. ನಾಣ್ಯದಷ್ಟು ಅಗಲದ ಕೆಂಪು ಗಿಡ. ಎಲೆಯ ತುಂಬ ಕೂದಲಿನಂಥ ಎಳೆಗಳು, ಪ್ರತಿ ಎಳೆಯ ತುದಿಗೂ ಒಂದು ಹನಿ, ಬಿಸಿಲೇರಿದರೂ ಆರದ ಇಬ್ಬನಿಯಂತೆ. ಅಜ್ಜ ಸಾಕಿದ ಗಿಡದ ದಾಯಾದಿ ಇದು ಎಂದು ಸರ್ ಪಿಸುಗುಟ್ಟಿದರು. ಬೇರಿನ ಸುತ್ತಲಿನ ಮಣ್ಣಿನ ಸಮೇತ ಒಂದನ್ನು ಎತ್ತಿ, ಕುಂಡದಲ್ಲಿಟ್ಟು, ಮಳೆನೀರು ಹಿಡಿದಿಟ್ಟುಕೊಂಡು, ಮನೆಯ ಕಟ್ಟೆಯ ಮೇಲೆ ಸಾಕಿದರು.

ಮರುದಿನವೇ ಲಕ್ಷ್ಮಿಬಾಯಿಯವರ ಕಣ್ಣಿಗೆ ಅದು ಬಿತ್ತು. ತೊಂಬತ್ತು ದಾಟಿದ್ದರೂ ಆಕೆಯ ದೃಷ್ಟಿ ಚುರುಕು. ಒಂದು ಇರುವೆ ಎಲೆಯ ಹನಿಗೆ ಸಿಕ್ಕಿ ಒದ್ದಾಡುವುದನ್ನೂ, ಎಳೆಗಳು ಮೆಲ್ಲಗೆ ಅದರ ಮೇಲೆ ಮುಚ್ಚಿಕೊಳ್ಳುವುದನ್ನೂ ಆಕೆ ಕೊನೆಯವರೆಗೆ ನೋಡಿದರು. ಮಗನನ್ನು ಕರೆದರು.

"ಗಿಡಾನೂ ಜೀವಾ ತಿಂತೈತೇನೋ ತವನಾ?"

"ತಿಂತೈತಿ ಅವ್ವಾ. ಕಲ್ಲಮ್ಯಾಗ ಬೆಳಿಯೂದು, ಮಣ್ಣಾಗ ಕಸುವಿಲ್ಲ. ಅದಕ್ಕ ಬ್ಯಾರೆ ದಾರಿ ಇಲ್ಲ."

ಆಕೆ ಅಂದು ಊಟ ಮಾಡಲಿಲ್ಲ. ಗಿಡದ ಪಾಠ ಹೇಳು ಎಂದು ಮಗನಿಗೆ ಹೇಳಿದವರು, ಗಿಡವೊಂದೇ ನಿರಪರಾಧಿ ಎಂದು ನಂಬಿ ಬಾಳಿದವರು. ಕಿತ್ತೊಗೆಯಲು ಹೇಳುವರೆಂದು ಉಜ್ವಲಾ ಕಾದರು. ಆದರೆ ಕಿತ್ತರೆ ಅದೂ ಹಿಂಸೆಯೇ ಅಲ್ಲವೆ? ಮರುದಿನ ಬೆಳಿಗ್ಗೆ ನೋಡಿದರೆ ಕುಂಡದ ಸುತ್ತ ಅರಿಸಿನದ ದಪ್ಪ ಗೆರೆ. ಪಕ್ಕದಲ್ಲಿ ನವಿಲುಗರಿ ಹಿಡಿದು ಲಕ್ಷ್ಮಿಬಾಯಿ ಕೂತಿದ್ದಾರೆ, ಇರುವೆ, ಗುಂಗಾಡಿನಂಥ ಹುಳಗಳು ಬಳಿ ಬರದಂತೆ ಬೀಸುತ್ತ. ಮಗನೋ, ಕಸಬರಿಗೆಯ ಕಡ್ಡಿಯ ತುದಿಯನ್ನು ಹಾಲಿನಲ್ಲಿ ಅದ್ದಿ, ಗಡ್ಡದಜ್ಜನ ಪತ್ರದಲ್ಲಿದ್ದಂತೆಯೇ ಒಂದೊಂದು ಎಲೆಗೆ ಒಂದೊಂದು ಹನಿ ಮುಟ್ಟಿಸಿದರು. ಎಳೆಗಳು ಹಾಲಿನ ಮೇಲೆಯೂ ಬಾಗಿದವು. ಅದನ್ನು ಕಂಡು ಆಕೆಯ ಮುಖ ಸಡಿಲಾಯಿತು. ಆ ಮಳೆಗಾಲವಿಡೀ ಹಾಗೆಯೇ ನಡೆಯಿತು: ತಾಯಿ ಹುಳಗಳನ್ನು ಕಾಯುವುದು, ಮಗ ಗಿಡವನ್ನು ಕಾಯುವುದು.

ಆ ದಿನಗಳಲ್ಲಿ ಒಂದು ಸಂಜೆ ನಾನೂ ಆ ಕಟ್ಟೆಯ ಮೇಲಿದ್ದೆ. ಹೊಲದ ಆಚೆ ಸೂರ್ಯ ಕಬ್ಬಿನ ಗರಿಗೆ ಬಂದಿದ್ದ. ಹಾಲು ಉಣಿಸುವುದನ್ನು ಕಲಿಸಿದವನು ಯಾರೆಂದು ಲಕ್ಷ್ಮಿಬಾಯಿ ಕೇಳಿದರು. ಸರ್ ಗಡ್ಡದಜ್ಜನ ಕತೆ ಹೇಳಿದರು. ಗಿಡದ್ದನ್ನಷ್ಟೇ ಹೇಳಿ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಪ್ರಾಣಿಗಳನ್ನು ಕೊಯ್ಯುವುದು ಬೇಕು ಎಂದವನೂ ಅವನೇ, ಅದನ್ನು ನೆನೆದು ನಿದ್ದೆಗೆಟ್ಟವನೂ ಅವನೇ ಎಂದರು. ಮುದುಕಿ ಗರಿ ಆಡಿಸುತ್ತಲೇ ಕೇಳಿದರು:

"ಅವನವ್ವ ಅವನ ಕೈಯಾಗಿನ ನೀರ ಕುಡೀತಿದ್ಳೇನು?"

ನಾನು ತಲೆ ತಗ್ಗಿಸಿದೆ. ಸರ್ ಮೆಲ್ಲಗೆ ಹೇಳಿದರು: "ಅಂವ ಸಣ್ಣಾಂವ ಇದ್ದಾಗನ ಅವನವ್ವ ಹೋದ್ಳು."

ಗರಿ ನಿಂತಿತು. "ಹಂಗಾದ್ರ ಬ್ಯಾಡಪಾ ಅನ್ನಾಕೂ ಯಾರಿರಲಿಲ್ಲ," ಎಂದರು ಆಕೆ, "ಇರ್ಲಿ ಬಿಡು ಅನ್ನಾಕೂ ಯಾರಿರಲಿಲ್ಲ."

ಸೂರ್ಯ ಅರ್ಧ ಇಳಿದಿದ್ದ. ಹೊತ್ತು ಮುಳುಗಿದ ಮೇಲೆ ಆಕೆ ನಾಳೆ ಬೆಳಗಿನವರೆಗೆ ನೀರು ಮುಟ್ಟುವವರಲ್ಲವಾದ್ದರಿಂದ ಉಜ್ವಲಾ ತಂಬಿಗೆ ತರಲು ಎದ್ದರು. ಲಕ್ಷ್ಮಿಬಾಯಿ ಕೈ ಅಡ್ಡ ಹಿಡಿದರು.

"ನೀ ಕುಂದರ ಉಜ್ವಲಾ. ಅಂವ ಕೊಡ್ಲಿ."

ಸರ್ ಒಳಗೆ ಹೋದರು. ಸೋಸಿಟ್ಟ ನೀರನ್ನೇ ಮತ್ತೊಮ್ಮೆ ಸೋಸುವ ಸದ್ದು ಹೊರಗೆ ಕೇಳಿಸಿತು. ಎರಡೂ ಕೈಯಲ್ಲಿ ತಂಬಿಗೆ ಹಿಡಿದು ಬಂದು ಚಾಚಿದಾಗ ನೀರು ತುಳುಕಿ ಅವರ ಬೆರಳುಗಳ ಮೇಲೆ ಇಳಿಯಿತು. ತಾಯಿ ಆ ಬೆರಳುಗಳ ಮೇಲೆಯೇ ತಮ್ಮ ಕೈಯಿಟ್ಟು ತಂಬಿಗೆಯನ್ನು ಬಾಯಿಗೆ ತಂದುಕೊಂಡು ಕುಡಿದರು. ಕುಡಿದು, ಸೆರಗಿನಿಂದ ತುಟಿ ಒರೆಸಿಕೊಂಡು, "ಪಾಪ ಹೋತು ಅಂತ ತಿಳೀಬ್ಯಾಡ" ಎಂದರು. "ತಿಳಿಯೂದಿಲ್ಲವ್ವಾ" ಎಂದರು ಮಗ. ಅಷ್ಟೇ. ಅಷ್ಟರಲ್ಲಿ ಹೊತ್ತು ಮುಳುಗಿತು.

ಇಬ್ಬನಿ ಗಿಡ ಬಿಳಿ ಹೂ ಬಿಟ್ಟು, ಬೀಜ ಕಟ್ಟಿ, ಚಳಿಗಾಲದಲ್ಲಿ ತಾನಾಗಿ ಒಣಗಿತು. ಅದರ ಆಯುಷ್ಯವೇ ಅಷ್ಟು. ಬೀಜವನ್ನು ಸರ್ ಗುಡ್ಡದ ಕಲ್ಲುಹಾಸಿಗೆ ಮರಳಿ ಒಯ್ದು ಚೆಲ್ಲಿ ಬಂದರು. ಲಕ್ಷ್ಮಿಬಾಯಿ ಗಟ್ಟಿಯಾಗಿಯೇ ಇದ್ದಾರೆ. ಅತ್ತೆಗೆ ಈಗೀಗ ಹಗಲೆಲ್ಲ ನೀರಡಿಕೆ, ಅದೂ ಮಗ ಮನೆಯಲ್ಲಿದ್ದಾಗ ಮಾತ್ರ ಎಂದು ಉಜ್ವಲಾ ನಗುತ್ತಾರೆ. ಸರ್ ಓದುತ್ತಿದ್ದ ಪುಸ್ತಕ ಮಗುಚಿಟ್ಟು ಮತ್ತೆ ಮತ್ತೆ ಏಳುತ್ತಾರೆ.

ಲೋಕದಲ್ಲಿ ನೋಯಿಸಲಾರದೆ ದೂರ ನಿಂತವರಿದ್ದಾರೆ, ಅವರನ್ನು ನಾವು ಸಾಧುಗಳೆನ್ನುತ್ತೇವೆ. ನೋಯಿಸಿ ಮರೆತವರಂತೂ ಎಣಿಕೆಗೆ ಸಿಗದಷ್ಟಿದ್ದಾರೆ. ಇವರಿಬ್ಬರ ನಡುವೆ ಒಂದು ವಿರಳ ಕುಲವುಂಟು. ಮಾಡಲೇಬೇಕಾದ ಕಠಿಣ ಕೆಲಸವನ್ನು ಇನ್ನೊಬ್ಬರಿಗೆ ದಾಟಿಸದೆ ತಾವೇ ಮಾಡುವವರು, ಮಾಡಿದ ಮೇಲೆ ಅದಕ್ಕೆ ಸಮರ್ಥನೆಯನ್ನೂ ಕ್ಷಮೆಯನ್ನೂ ಬೇಡದೆ ಅದರ ಭಾರದೊಡನೆ ಬಾಳುವವರು. ನಾನು ಕಂಡಂತೆ, ನಮ್ಮ ಮನೆಯ ಕೂಸನ್ನೋ ಕೊಟ್ಟಿಗೆಯ ಆಕಳನ್ನೋ ಒಪ್ಪಿಸಬೇಕಾಗಿ ಬಂದ ಗಳಿಗೆಯಲ್ಲಿ, ಅಂಥವರ ಕೈಯೇ ಆಗಿರಲಿ ಎಂದು ನಾವೆಲ್ಲ ಒಳಗೊಳಗೇ ಬೇಡಿಕೊಳ್ಳುತ್ತೇವೆ.