ಎಲ್ಲಾರಿಗೂ ಒಂದ ಚಾವಿ

ಎಸಿ ಗಾಳಿ ನೆಟ್ಟಗ ಕುತ್ತಿಗಿಗೇ ಬಡಿಯಾಕತ್ತಿತ್ತು, ಕೈಯಾಗಿನ ಸಣ್ಣ ಫೋನು ಮತ್ತ ಅದನ್ನೇ ಹೇಳ್ತು, ಇನ್‌ಸ್ಟಾಲ್ ಆಗಲಿಲ್ಲ, ನಾಕನೇ ಸಲ ಇದು, ಗುರುದೇವಿಗೆ ಫೋನ್ ಎತ್ತಿ ನೆಲಕ್ಕ ಕುಕ್ಕಿಬಿಡಬೇಕು ಅನಿಸ್ತು, ಆದ್ರ ಫೋನು ಕಂಪನಿದು, ಸಿಟ್ಟಷ್ಟ ತನ್ನದು. ಮಾದಾಪುರದ ಗಾಜಿನ ಕಟ್ಟಡದ ಆರನೇ ಮಾಳಿಗಿ, ಮೊಬೈಲ್ ಆಟ ಮಾಡೋ ಕಂಪನಿ, ಇವತ್ತ ಇಂಟರ್‌ವ್ಯೂ, ಎದುರಿಗೆ ಕುಂತಾಕಿ ಮಾನಸಾ ಮೇಡಂ, ಸಿಕಂದರಾಬಾದಿನಾಗ ಹುಟ್ಟಿ ಬೆಳದಾಕಿ, ಅಪ್ಪ ನಮ್ಮ ಕಡೆಯಿಂದ ಡಿಫೆನ್ಸ್ ಫ್ಯಾಕ್ಟರಿ ಕೆಲಸಕ್ಕ ಬಂದವ್ರಂತ, ಇಕಿಯ ಕಾಗದದಾಗ ಊರು ಶಹಾಪುರ ಅಂತ ಓದಿದ ಕೂಡಲೇ ಇಂಗ್ಲಿಷ್ ಬಿಟ್ಟು, ನಮ್ಮ ಕಡೆಯವರೇನ್ರಿ ನೀವು, ಅಂದಿದ್ಲು, ಆಗ ಎದಿ ಎಷ್ಟು ಹಗುರಾಗಿತ್ತು. ನಿಮ್ಮ ಹುಲಿ-ಕುರಿ ಆಟ ನಾನೂ ಆಡೀನಿ, ಚಲೋ ಐತಿ, ಆದ್ರ ಸಣ್ಣ ಫೋನಿನಾಗ ಕೆಳಗಿನ ಸಾಲು ಕಾಣಂಗಿಲ್ಲ, ಅದನ್ನ ಸರಿ ಮಾಡಿ ನಾಕು ಗಂಟೆಯೊಳಗ ಈ ಫೋನಿನಾಗಿರೋ ಹಳೇದರ ಮ್ಯಾಲ ಹಾಕಿ ತೋರಸ್ರಿ, ಕೆಲಸ ನಿಮ್ಮದು, ಅಂದಿದ್ಲು. ಸರಿ ಮಾಡಾಕ ಎಷ್ಟೊತ್ತು, ಇಪ್ಪತ್ತು ನಿಮಿಷ — ಗೆರಿಗಳ ಅಳತಿ ಮೊದಲೇ ಬಿಗಿ ಮಾಡಿ ಬರದಿದ್ಲು, ಈಗ ಪರದೆ ಎಷ್ಟು ಅಗಲ ಐತೋ ನೋಡ್ಕೊಂಡು ಅಷ್ಟಕ್ಕ ಹಿಗ್ಗು, ಕುಗ್ಗು, ಅಂತ ಹೇಳಿದ್ಲು, ಮುಗೀತು. ಹುಲಿ ಎಲ್ಲಿ ಜಿಗೀತೈತಿ, ಕುರಿ ಎಲ್ಲಿ ಅಡ್ಡ ನಿಲ್ಲಬೇಕು, ಆ ಬುದ್ಧಿ ಬರಿಯಾಕ ಮೂರು ತಿಂಗಳು ಸವೆಸಿದಾಕಿ ಇಕಿ, ನಾಚಾರಂದಾಗ ಕೂಲಿಯವರ ಶೆಡ್ಡಿನ ಮುಂದ ಅವ್ವ ಸುಗಲಮ್ಮ ಸಿಮೆಂಟಿನ ಕೈ ತೊಳಕೊಂಡು ಬಂದು, ಇದ್ದಲಿಲೆ ಗೆರಿ ಎಳದು, ಬಾ, ಇವತ್ತ ನಿನ್ನ ಹುಲಿ ಕಟ್ಟತೀನಿ, ಅಂತಿದ್ಲು, ಹತ್ತು ಸಲ ಆಡಿದ್ರ ಒಂಬತ್ತು ಸಲ ಅವ್ವನೇ ಗೆಲ್ಲಾಕಿ, ಆಕಿಯ ಒಂದೊಂದು ನಡಿನೂ ಇದರಾಗ ಐತಿ. ಎಲ್ಲಾ ಐತಿ, ಚಾವಿ ಒಂದ ಇಲ್ಲ.

ಚಾವಿ! ಆಟ ಬರದ ಮ್ಯಾಲ ಅದಕ್ಕೊಂದು ಮುದ್ರಿ ಒತ್ತಬೇಕು, ಮೊದಲನೇ ಸಲ ಯಾವ ಚಾವಿಲೆ ಒತ್ತಿರತೀರೋ ಮುಂದನೂ ಅದರಲೇ ಒತ್ತಬೇಕು, ಇಲ್ಲಂದ್ರ ಫೋನು, ಇದು ಬ್ಯಾರೆಯವರದು, ಅಂತ ಹೊರಗ ದಬ್ಬತೈತಿ. ಚಾವಿ ಅಂದ್ರ ಏನ ಮಹಾ, ಒಂದು ಸಣ್ಣ ಫೈಲು, ಒಂದು ಪಾಸ್‌ವರ್ಡು, ಅದು ಇರೋದು ಅಮೀರ್‌ಪೇಟದ ಕೋಚಿಂಗ್ ಸೆಂಟರಿನಾಗ, ಉಪೇಂದ್ರ ಸರ್ ಕಂಪ್ಯೂಟರಿನಾಗ, ನೂರಾ ನಲವತ್ತು ಮಂದಿಗೂ ಅದೊಂದ ಚಾವಿ. ಈಗಷ್ಟ ಸರ್‌ಗೆ ಫೋನ್ ಮಾಡಿದ್ಲಲ್ಲ, ಏಂಟಮ್ಮಾ, ಅಂದ್ರು ತೆಲುಗಿನಾಗ, ಇಷ್ಟಕ್ಕ ಗಾಬರಿ ಏನು, ಶನಿವಾರ ಪೆನ್‌ಡ್ರೈವ್ ತಗೊಂಡು ಬಾ, ಒತ್ತಿ ಕೊಡ್ತೀನಿ, ಸರ್ ನನಗ ಇವತ್ತ ಬೇಕು ಸರ್, ಚಾವಿ ಮೇಲ್ ಮಾಡ್ರಿ, ಅರೆ, ಎಲ್ಲಾರದೂ ಅದರಾಗ ಐತಿ, ನಿನಗೊಬ್ಬಾಕಿಗೆ ಹೆಂಗ ಕೊಡ್ಲಿ, ಟಪ್ ಅಂತ ಕಟ್. ನಿನ್ನ ಬಾಯಾಗ ಮಣ್ಣ ಹಾಕ! ಏನ ಕಲಿಸಿದೆಪ್ಪಾ ನೀ, ಆಂಡ್ರಾಯ್ಡ್ ಬಂದ ಹೊಸತು, ಊರತುಂಬ ಬೋರ್ಡು, ಮೂರು ತಿಂಗಳಿಗೆ ಎಂಜಿನಿಯರ್, ಕ್ಲಾಸಿನಾಗ ನೋಡಿದ್ರ ನೆಕ್ಸ್ಟ್ ಒತ್ರಿ, ನೆಕ್ಸ್ಟ್ ಒತ್ರಿ, ಫಿನಿಶ್ ಒತ್ರಿ, ಇಂಟರ್‌ವ್ಯೂಗೆ ಅಂತ ಐವತ್ತು ಪ್ರಶ್ನಿಯ ಝೆರಾಕ್ಸು, ಕಡೀ ದಿನ ಮುದ್ರಿ ಒತ್ತಿಸಾಕ ಎಲ್ಲಾರೂ ಪೆನ್‌ಡ್ರೈವ್ ಹಿಡಕೊಂಡು ರೇಷನ್ ಅಂಗಡ್ಯಾಗ ನಿಂತಂಗ ಸಾಲಿನಾಗ. ಸರ್, ಚಾವಿ ಹೆಂಗ ಮಾಡೋದು, ಅಂತ ಕೇಳಿದಾಕಿ ಇಕಿ ಒಬ್ಬಾಕಿನೇ, ಅದೆಲ್ಲಾ ನಿನಗ್ಯಾಕಮ್ಮಾ, ಬರೇ ಫಾರ್ಮಾಲಿಟಿ ಅದು, ನಾ ಮಾಡ್ತೀನಿ — ಹೂಂ ಸರ್ ಅಂದ್ಲು, ಮ್ಯಾಲ ಪೇಢೆ ಬ್ಯಾರೆ ಕೊಟ್ಟು ಥ್ಯಾಂಕ್ಸ್ ಹೇಳಿ ಬಂದ್ಲು, ಥೂ ನನ್ನ ಜನ್ಮಕ್ಕ.

ಚಾವಿ ಎಲ್ರಿ, ಮಾನಸಾ ಕೇಳಾಕತ್ಯಾಳ. ನನ್ನ ಹತ್ರ ಇಲ್ರಿ ಮೇಡಂ, ಸರ್ ಹತ್ರ ಐತಿ. ಆಟ ನಿಮ್ಮದು, ಚಾವಿ ಸರ್ ಹತ್ರ? ಹಂಗಾದ್ರ ನೀವೇ ಮಾಡಿದ್ದು ಅಂತ ಹೆಂಗ ನಂಬ್ಲಿ? ಸಾವಕಾಶನೇ ಕೇಳಿದ್ಲು, ಆದ್ರೂ ಮೈ ಉರದು ಹೋತು, ನಂಬಬ್ಯಾಡ್ರಿ, ಆಡ್ರಿ ನನ್ನ ಜೋಡಿ, ಈಗಿಂದೀಗ ಆಡ್ರಿ, ಯಾವ ಕುರಿ ಯಾವಾಗ ಸಾಯ್ತೈತಿ ಕಣ್ಣು ಮುಚ್ಚಿ ಹೇಳ್ತೀನಿ, ಅನ್ನಬೇಕಂದ್ಲು, ಬಾಯಿಂದ ಬಂದದ್ದು, ನಾನೇ ಮಾಡೀನ್ರಿ, ಅಷ್ಟ. ಮೂರೂವರಿ ಆಗಿತ್ತು. ಹಂಗಾದ್ರ ಹಳೇದನ್ನ ತಗದು ಒಗೀರಿ, ನಿಮ್ಮದ ಒಂದು ಹೊಸ ಚಾವಿ ಮಾಡ್ರಿ, ಹೊಸಾ ಹೆಸರಿನಾಗ ಹಾಕ್ರಿ, ನನ್ನ ಮುಂದ, ಅಂದ್ಲು ಮಾನಸಾ. ಅಂದ್ರ ಆ ಮೂರು ಸಾವಿರ ಮಂದಿ, ಇಳಿಸ್ಕೊಂಡು ಆಡಾಕತ್ತವರು, ನಮ್ಮಜ್ಜಿ ನೆನಪಾದ್ಲು ಅಂತ ಬರದವರು, ಅವರೆಲ್ಲಾ ಹಳೇ ಚಾವಿ ಜೋಡಿ ಉಪೇಂದ್ರ ಸರ್ ಪಾಲು, ಇಕಿದು ಮತ್ತ ಸೊನ್ನಿಯಿಂದ — ಆಗ್ಲಿ, ಸೊನ್ನಿಯಿಂದನೇ ಆಗ್ಲಿ, ಲ್ಯಾಪ್‌ಟಾಪ್ ಎಳಕೊಂಡ್ಲು, ಹೆಸರು ಕೇಳ್ತು, ಬರದ್ಲು, ಊರು ಕೇಳ್ತು, ಬರದ್ಲು, ಪಾಸ್‌ವರ್ಡ್ ಕೇಳ್ತು. ಮಾನಸಾ ಕುರ್ಚಿ ತಿರುಗಿಸಿ ಕಿಟಕಿ ಕಡೆ ಮುಖ ಮಾಡಿದ್ಲು, ಹಾಕ್ರಿ, ನಾ ನೋಡಂಗಿಲ್ಲ, ಅದು ನಿಮ್ಮದು. ಬೆರಳು ಅಲ್ಲೇ ನಿಂತಬಿಟ್ವು. ಮುದ್ರಿ ಒತ್ತಿದ ಆ ದಿನ ಉಪೇಂದ್ರ ಸರ್ ಎಡಗೈ ಕೀಬೋರ್ಡಿಗೆ ಅಡ್ಡ ಹಿಡದು ಬಲಗೈಲೆ ಟಕಟಕ ಹೊಡದಿದ್ರು, ಇಕಿ ಮಗ್ಗಲದಾಗ ನಿಂತಿದ್ಲು, ತನ್ನ ಆಟ, ತನ್ನ ಅವ್ವನ ಆಟ, ದೊಡ್ಡವರು ಪಾಸ್‌ವರ್ಡ್ ಹಾಕುವಾಗ ನೋಡಬಾರದು ಅಂತ ಮರ್ಯಾದಿಗೆ ಬಾಗಲ ಕಡೆ ತಿರುಗಿದ್ಲು — ಹೊಡಿ ಈಗ, ಹೊಡಿಯೇ, ಪಾಸ್‌ವರ್ಡಿನ ಖಾಲಿ ಡಬ್ಬಿ ಕಾಯಾಕತ್ತೈತಿ — ಆ ಎಡಗೈ, ಬಾಗಲ ಕಡೆ ತಿರುಗಿದ ಮುಖ, ಎಡಗೈ, ಮುಖ, ಯಾರೂ ತಿರುಗು ಅಂದಿರಲಿಲ್ಲ, ತಾನಾಗೇ ತಿರುಗಿಸಿದ ಮುಖ